ಕಿಳಿ

ಪಗಾರದ ಪುಸ್ತಕದಲ್ಲಿ ನಾನು ಐತಪ್ಪ,
ಕುಂಬಳೆಯಿಂದ ಮುಳ್ಳೇರಿಯದವರೆಗೆ ಕಿಳಿ.
ಬಸ್ಸಿನ ಬಾಗಿಲಲ್ಲಿ ನಿಲ್ಲುವವನಿಗೆ ಇಲ್ಲಿ ಅದೇ ಹೆಸರು.

ಯಾರು ಇಟ್ಟದ್ದೋ.
ಕಂಡಕ್ಟರ್ ಕುಂಞಿರಾಮ ಹೇಳ್ತಾನೆ:
ಒಂದು ಕೈ ಕಂಬಿಗೆ ಕೊಟ್ಟು
ಉಳಿದ ಮೈಯನ್ನೆಲ್ಲ ಗಾಳಿಗೆ ಬಿಟ್ಟಾಗ
ಖಾಕಿ ಅಂಗಿ ರೆಕ್ಕೆ ಆಗ್ತದಂತೆ.
ಡ್ರೈವರಿಗೆ ನಗು: ರೆಕ್ಕೆಯೂ ಇಲ್ಲ ಎಂತದೂ ಇಲ್ಲ,
ಸೀತಾಂಗೋಳಿ ಸೀತಾಂಗೋಳಿ, ನೀರ್ಚಾಲ್ ನೀರ್ಚಾಲ್,
ಕಲಿಸಿದ್ದನ್ನೇ ಒದರುವುದಕ್ಕೆ.

ಪೆನ್ಶನ್ನಿನ ವೆಂಕಪ್ಪಯ್ಯ ಮಾಸ್ಟ್ರದು ಬೇರೆಯೇ ಲೆಕ್ಕ:
ಅದು ನಮ್ಮ ಗಿಳಿಯೇ,
ಚಂದ್ರಗಿರಿ ಹೊಳೆ ದಾಟುವಾಗ
ಗಕಾರ ನೆನೆದು ಕಕಾರ ಆಯಿತು.
ಕುಂಞಿರಾಮ ಬಿಡಬೇಕಲ್ಲ!
ಹೊಳೆಯನ್ನು ಆಚೆಯಿಂದಲೂ ದಾಟಬಹುದು ಮಾಷೇ,
ನಮ್ಮಲ್ಲಿ ಗುಬ್ಬಿಯೂ ಕಿಳಿಯೇ.
ನೀರ್ಚಾಲು ಬಂತು. ಮಾಸ್ಟ್ರು ಕೊಡೆ ಹುಡುಕಿ ಇಳಿದರು.
ಉತ್ತರ ನಾಳೆಗೆ.

ಮೊನ್ನೆ ಇಬ್ಬರು ಹುಡುಗಿಯರು, ಇಬ್ಬರಿಗೂ ಒಂದೇ ಇಯರ್‌ಫೋನು.
'ಕೆಮಿಸ್ಟ್ರಿ ಪೇಪರ್ ನೋಡಿ ನನ್ನ ಕಿಳಿ ಹೋಯ್ತು ಮಾರಾಯ್ತಿ.'
ನಾನು ಮೆಟ್ಟಿಲಲ್ಲೇ ಇದ್ದೆ.
ಕೇಳಿದರೆ, ತಲೆಯೊಳಗೆ ಒಂದು ಹಕ್ಕಿ ಕೂತಿರ್ತದಂತೆ,
ಬೆಚ್ಚಿದರೆ ಹಾರಿ ಹೋಗ್ತದಂತೆ,
ಮತ್ತೆ ಮನುಷ್ಯ ಬಾಯಿ ಬಿಟ್ಟು ನಿಲ್ಲುವುದೇ.
ಅಜ್ಜಿ ತೀರಿದ ದಿನ
ಪ್ರಾಣಪಕ್ಷಿ ಹಾರಿತು ಅಂದಿದ್ದರು ನಮ್ಮ ಮನೆಯಲ್ಲಿ.
ಈ ಮಕ್ಕಳದು ಸಣ್ಣ ಹಕ್ಕಿ,
ಸಂಜೆಗೆ ವಾಪಸ್ ಬರ್ತದೆ.

ಹೊಸ ಬಸ್ಸಿಗೆ ಗಾಳಿಯ ಬಾಗಿಲು.
ಡ್ರೈವರ್ ಗುಬ್ಬಿ ಒತ್ತಿದರೆ ಬುಸ್ಸೆಂದು ತೆರೆಯುವುದು,
ಬುಸ್ಸೆಂದು ಮುಚ್ಚುವುದು.
ಊರಿನ ಹೆಸರು ಯಾರೂ ಕೂಗುವುದಿಲ್ಲ.
ಮಾಲಕ ಅಂದುಂಞಿ ಹಾಜಿ ಚಾ ತರಿಸಿ,
ಸಕ್ಕರೆ ಸಾಕಾ ಅಂತ ಕೇಳಿ, ಆಮೇಲೆ ಹೇಳಿದ್ದು:
ರಾತ್ರಿ ಬಸ್ಸು ತೊಳೆಯಲು ಬಾ ಐತಪ್ಪಾ.
ಇಪ್ಪತ್ತಾರು ವರ್ಷದಲ್ಲಿ
ಮೊದಲ ಸಲ ಅವರ ಬಾಯಲ್ಲಿ ನನ್ನ ಹೆಸರು.

ಇವತ್ತು ಬದಿಯಡ್ಕ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತಿದ್ದೆ.
ನಮ್ಮದೇ ಬಸ್ಸು ಹೊರಟಿತು.
ಕೈ ತಾನಾಗಿ ಎದ್ದು ತಗಡಿಗೆ ಎರಡು ಬಡಿಯಿತು,
ರೈಟ್.
ಓಡಿ ಬಂದ ಹುಡುಗನಿಗೆ ಬಸ್ಸು ಸಿಗಲಿಲ್ಲ,
ಏದುಸಿರಲ್ಲೇ ಫೋನಿಗೆ ಹೇಳಿದ, 'ಕಿಳಿ ಪೋಯಿ.'
ಹೋಗಲಿಲ್ಲ ಅಂದೆ, ಇಲ್ಲೇ ಉಂಟು.
ಅವನು ಕತ್ತೆತ್ತಲಿಲ್ಲ.
ಇನ್ನೊಂದು ನಾಲ್ಕು ಹತ್ತಕ್ಕೆ, ಅಂತಲೂ ಹೇಳಿದೆ.