ಹೆಗಲ ಮೇಲಿನ ಏಳು

ಕೂದಲೆಳೆ ಬೆಳ್ಳಿತಂತಿಯನ್ನು ಗೀರಿನೊಳಗೆ ಕೂರಿಸುವ ಹೆಬ್ಬೆರಳಿಗೆ
ಪದದ ಹೆಗಲೇರಿ ಕೂತ ಏಳು ಸಿಗಲೊಲ್ಲದು.
ಮಶಾಕ್ ಚಾಚಾ ಒತ್ತಿದರೆ ಪುಟ ಹೊರಳುತ್ತದೆ,
ಮತ್ತೊತ್ತಿದರೆ ಅಕ್ಷರಗಳು ಊದಿಕೊಳ್ಳುತ್ತವೆ.
"ಇರುವಿ ಹಿಡದಂಗ ಆಯ್ತಲ್ಲವ್ವಾ ಇದು."

ಸಿದ್ದೀಕ್ ತಾಲೀಮಿನ ಗಲ್ಲಿಯಲ್ಲಿ
ಸುತ್ತಿಗೆಗಳು ಚಹಾಕ್ಕೆ ನಿಂತ ಹೊತ್ತು
ಸಿಕ್ಕೇಬಿಟ್ಟಿತು. ಪುಸ್ತಕ ಒಮ್ಮೆಲೇ
ಮುನ್ನೂರು ಪುಟ ಕೆಳಗಿಳಿದು ನಿಂತಿತು:
೭. ಬೀದರಿನ ಹೂಜಿ. ಮಾಡಿದವರ ಹೆಸರು ತಿಳಿದಿಲ್ಲ.

ಬಿಟ್ಟುಬಂದ ಪುಟದ ಚಿತ್ರದಲ್ಲಿ
ಮೂರನೇ ಎಲೆ ದಾಟಿದ್ದೇ ಬಳ್ಳಿ ಎಡಕ್ಕೆ ವಾಲಿತ್ತು.
"ನಮ್ಮ ದಾದಾಂದು ಎಡಗೈ," ಎಂದ.

ಹಿಂದಿರುಗುವ ಬಾಣ ತೋರಿಸಿದೆ; ನೋಡಲಿಲ್ಲ.
"ಇಲ್ಲಿ ಬರಿಲಾಕ ಜಾಗ ಎಲ್ಲದ?"
ಕಪ್ಪು ಹತ್ತಿದ ಹೆಬ್ಬೆರಳನ್ನು
ಗಾಜಿಗೆ ಒತ್ತಿ ಹಿಡಿದ.

ಹೆಸರಿಲ್ಲದ ಸಾಲು
ಹಳದಿಯಾಯಿತು.