ಅಳತೆ ಪುಸ್ತಕ

ಎದೆ ಮೂವತ್ತನಾಲ್ಕು, ಸೊಂಟ ಇಪ್ಪತ್ತನಾಲ್ಕು,
ಭುಜದಿಂದ ಮಣಿಕಟ್ಟಿಗೆ ಇಪ್ಪತ್ತೆರಡೂವರೆ,
ಎಡಗೈ ಒಂದೆಳೆ ಉದ್ದ.
ಐವತ್ತೇಳನೇ ಇಸವಿಯ ಸೀಸದಕಡ್ಡಿ, ಇನ್ನೂ ಮಾಸಿಲ್ಲ.
ಹೆಸರು: ಎನಿಡ್ ಥ್ವೇಟ್. ಊರು: ಗ್ರಿಮ್ಸ್‌ಬಿ.
ಅಪ್ಪ ಮೀನುಕಟ್ಟೆಯಲ್ಲಿ ಐಸು ಒಡೆಯುತ್ತಿದ್ದ;
ಮಗಳಿಗಿದ್ದ ಒಂದೇ ಕೋಟಿನಿಂದ
ಆ ವಾಸನೆ ಎಷ್ಟು ಒಗೆದರೂ ಹೋಗಲಿಲ್ಲ.

ನಾನು ಉಡುಪಿನವಳು.
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡವಳು ಮಾತಾಡಬಾರದು.
ಅದಕ್ಕೇ ಇಷ್ಟೆಲ್ಲ ನೆನಪಿದೆ.

ರಾಚ್‌ಡೇಲಿನಲ್ಲಿ ವಾರಕ್ಕೊಂದು ನಾಟಕ.
ಈ ಸೋಮವಾರ ರಾಣಿ, ಬರುವ ಸೋಮವಾರ ಕಸಗುಡಿಸುವಾಕೆ.
ಅದೇ ಹಸಿರು ಮಖಮಲ್ಲು ಒಮ್ಮೆ ನಿಲುವಂಗಿ, ಒಮ್ಮೆ ಪರದೆ,
ಕ್ರಿಸ್‌ಮಸ್ಸಿಗೆ ಕಪ್ಪೆ.
ಗ್ಯಾಸಿನ ಮೀಟರಿಗೆ ನಾಣ್ಯವಿಲ್ಲದ ರಾತ್ರಿ
ಸತ್ತ ರಾಣಿಯ ತುಪ್ಪಳ ಹೊದ್ದು ಮಲಗುತ್ತಿದ್ದಳು
(ಅದನ್ನು ಲೆಕ್ಕದಲ್ಲಿ ಬರೆದಿಲ್ಲ).

ಆಮೇಲೆ ಪೆಟ್ಟಿಗೆ ಕರೆಯಿತು. ಮ್ಯಾಂಚೆಸ್ಟರು. ನೇರ ಪ್ರಸಾರ.
ಅರವತ್ತೊಂದರ ನವೆಂಬರ್, ಭಾನುವಾರ ರಾತ್ರಿ
ಎದುರಿನ ನಟನಿಗೆ ಮಾತು ಬತ್ತಿಹೋಯಿತು.
ಎನಿಡ್ ಚಹಾ ಬಗ್ಗಿಸಿದಳು.
ಹಾಲು ಹಾಕಿದಳು. ಸಕ್ಕರೆ. ಕಲಕಿದಳು.
ಕಲಕಿದಳು.
ಚಮಚವನ್ನು ಬಟ್ಟಲಿನ ಅಂಚಿಗೆ ಎರಡು ಸಲ ತಟ್ಟಿ
ಅವನ ಮುಂದಿಟ್ಟು ಅವನನ್ನೇ ನೋಡಿದಳು
ಬಿಟ್ಟುಹೋಗುವವನನ್ನು ಹೆಂಡತಿ ನೋಡುವ ಹಾಗೆ
ಇಡೀ ಒಂದು ನಿಮಿಷ.
ಕೊನೆಗೆ ಅವನು "ನಾನು ಹೊರಡ್ತೀನಿ" ಅಂದ.
ಮರುದಿನ ಪತ್ರಿಕೆಯವನು ಬರೆದ:
ಆ ಮೌನವನ್ನು ಬರೆದ ಲೇಖನಿಗೆ ಶರಣು.
ನಾಟಕಕಾರ ಬೇಡ ಅನ್ನಲಿಲ್ಲ.

ಆ ಟೇಪು ಈಗಿಲ್ಲ. ಟೇಪು ದುಬಾರಿ,
ಅದರ ಮೇಲೇ ಕುಸ್ತಿ ಹಿಡಿದರು, ಕುಸ್ತಿಯ ಮೇಲೆ ಕುದುರೆ ಜೂಜು.
ಎಲ್ಲೋ ಒಂದು ಕುದುರೆಯ ಕಾಲಡಿ
ಚಮಚದ ಸದ್ದು, ಎರಡು ಸಲ.

ಸೊಂಟ ಇಪ್ಪತ್ತೊಂಬತ್ತು.
ಮಾರ್ಚಿನಲ್ಲಿ ಹೊಲಿಗೆ ಬಿಚ್ಚಿದೆ, ಮೇ ತಿಂಗಳಲ್ಲಿ ಇನ್ನಷ್ಟು.
ಜೂನಿನಲ್ಲಿ ಎಲ್ಲವನ್ನೂ ಮತ್ತೆ ಒಳಗೆ ಹೊಲಿದೆ.
ನಾನು ಕೇಳಲಿಲ್ಲ. ಬಾಯಲ್ಲಿ ಗುಂಡುಸೂಜಿ.

ಮುಂದೆ ಹದಿನಾಲ್ಕು ವರ್ಷ, ವಾರಕ್ಕೆರಡು ಸಂಜೆ,
ಬೆರಿಲ್. ಮೂಲೆ ಲಾಂಡ್ರಿಯ ಬೆರಿಲ್.
ನೀಲಿ ನೈಲಾನ್ ಮೇಲಂಗಿ, ಒಂದೇ ಅಳತೆಯವು ಆರು.
ಸಂತೆಯಲ್ಲಿ ಎಲೆಕೋಸಿನವಳು ಕೈ ಹಿಡಿದುಕೊಂಡು
"ಆ ಕಸಾಯಿಯನ್ನ ಕಟ್ಕೋಬೇಡ ಕಣೇ ಬೆರಿಲ್,
ಅವನಿಗೆ ಲೀಡ್ಸಲ್ಲೊಬ್ಬಳಿದಾಳೆ" ಅಂದಳು.
"ಗೊತ್ತಮ್ಮಾ," ಅಂದಳು ಎನಿಡ್,
"ಆದ್ರೆ ಬುಧವಾರದವರೆಗೆ ನನಗೆ ಗೊತ್ತಿರಬಾರದು."

ಹೊಸ ನಿರ್ಮಾಪಕ ಬಂದ, ಮೂವತ್ತು ತುಂಬದ ಹುಡುಗ,
ಬೆರಿಲಳನ್ನು ಹಾಲಿನ ಗಾಡಿಯಡಿ ಹಾಕಿಸಿದ.
ಸ್ಟುಡಿಯೋ ಗೇಟಿನಲ್ಲಿ ಜನರಿಟ್ಟ ಹೂವಿನ ರಾಶಿ.
ಎನಿಡ್ ಅದನ್ನು ತುಳಿಯದಂತೆ ದಾಟಿ
ಬಸ್ಸಿಗೆ ನಿಂತಳು, ತನ್ನ ಶವಯಾತ್ರೆಗೆ
ತಾನೇ ತಡವಾಗಿ ಬಂದವಳ ಹಾಗೆ.

ಆಮೇಲಿನದು ಪುಸ್ತಕದಲ್ಲಿ ಎರಡೇ ಪುಟ:
ಕೆಮ್ಮಿನ ಔಷಧಿಯ ಜಾಹೀರಾತು, ಕೈ ಮಾತ್ರ.
ಇನ್ಸ್‌ಪೆಕ್ಟರಿಗೆ ಬಾಗಿಲು ತೆಗೆಯುವಾಕೆ, ಏಳು ಸಲ.
ಹೆಣ, ಎರಡು ಸಲ. ಹೆಣಕ್ಕೂ ಅಳತೆ ಬೇಕು.
"ಉಸಿರು ಹಿಡಿದು ಮಲಗೋದೂ ಪಾತ್ರವೇ," ಅಂದಳು,
"ಸಂಬಳ ಮಾತ್ರ ಅರ್ಧ."

ಮೊನ್ನೆ ಹಲ್ ನಗರದ ಒಂದು ಪಬ್ಬಿನ ಮಾಳಿಗೆ, ನಲವತ್ತು ಕುರ್ಚಿ.
ಅವಳಿಗೆ ಎಪ್ಪತ್ತೊಂಬತ್ತು, ನನಗೆ ಎಂಬತ್ತೆರಡು;
ಸೂಜಿಗೆ ದಾರ ಪೋಣಿಸಲು ಮೊಮ್ಮಗಳು ಬೇಕು.
ಕೆಳಗೆ ಗೋಲು ಹೊಡೆದದ್ದಕ್ಕೆ ಗದ್ದಲ. ಮೇಲೆ
ಎನಿಡ್ ಮಾತಿನ ನಡುವೆ ನಿಂತುಬಿಟ್ಟಳು.
ಈ ನಾಟಕದಲ್ಲಿ ಚಹಾ ಇಲ್ಲ.
ಎಡತೋಳನ್ನು ಮಣಿಕಟ್ಟಿನವರೆಗೆ ಎಳೆದಳು. ಬರಲಿಲ್ಲ.
ಮತ್ತೆ ಎಳೆದಳು, ನಿಧಾನವಾಗಿ,
ಮೈಯೊಂದು ಬಟ್ಟೆಯಿಂದ ಹೊರಗುಳಿದುಹೋದ ಹಾಗೆ.
ಮುಂದಿನ ಸಾಲಿನವನೊಬ್ಬ ತನ್ನ ತೋಳನ್ನೂ ಎಳೆದುಕೊಂಡ.
ಮಾತು ಬಂತು.

ಆ ತೋಳು ಗಿಡ್ಡವಾದದ್ದು ನನ್ನ ಕಣ್ಣಿನ ತಪ್ಪು.
ಗುಂಡಿ ಬಿಚ್ಚುವಾಗ ಕೇಳಿದಳು:
"ಎಷ್ಟು ಹೊತ್ತಾಯ್ತು?"
"ನಲವತ್ತು ಸೆಕೆಂಡು."
"ಮೊದಲಿನಷ್ಟಿಲ್ಲ ಬಿಡು," ಅಂದಳು,
ಕೋಟಿಗೆ ಕೈ ಚಾಚುತ್ತಾ.