ತೊಗಲು ಹಿಡಿದು ನಿಂತವ

ಹೆದರಬ್ಯಾಡ್ರಿ, ಒಳಗ ಬರ್ರಿ.
ಮೊದಲ ದಿನ ಎಲ್ಲರೂ ಗ್ವಾಡಿ ಕಡಿಗೇ ನೋಡ್ತಾರ,
ಟೇಬಲ್ ಕಡಿ ನೋಡಲ್ಲ.

ಗ್ವಾಡಿ ಮ್ಯಾಲ ಅವ ನಿಂತಾನ,
ಐನೂರು ವರ್ಷದ ಹಿಂದಿನ ಇಟಲಿಯವ.
ಒಂದು ಕೈಯಾಗ ಚೂರಿ,
ಇನ್ನೊಂದರಾಗ ತನ್ನದೇ ತೊಗಲು,
ಹಿಂಡಿ ಒಣಗಾಕಲಿಕ್ಕೆ ಹೊಂಟ ಧೋತ್ರದಂಗ.
ಹಿಂದ ಗುಡ್ಡ, ಒಂದು ಹಾಳು ಕಮಾನು,
ನಮ್ಮ ಅಷ್ಟೂರಿನ ಗುಮ್ಮಟದ ಕಡಿಯದೇ ಅನಸ್ತದ.
ಮಾರಿ ಮ್ಯಾಲ ನೋವಿಲ್ಲ.
ಫೋಟೋ ತೆಗಸಲಿಕ್ಕೆ ನಿಂತ ಮದಲಿಂಗನಂಗ
ಗದ್ದ ಎತ್ಯಾನ.

ಗಲ್ಲಿಗೇರಿದವನಂತ.
ಬೆಳಿಗ್ಗಿ ಚೌಕದಾಗ ಮಂದಿ ಮುಂದ ಕೊಂದು
ಸಂಜಿಗಿ ಮೇಣಬತ್ತಿ ಹಚ್ಚಿ, ಟಿಕೀಟ್ ಇಟ್ಟು
ಒಳಗೇನದ ಅಂತ ತೆರೆದು ತೋರಿಸ್ತಿದ್ದರಂತ.
ಆ ಕಾಲಕ್ಕ ಪುನರುಜ್ಜೀವನ ಅಂತಾರಂತ, ನಮ್ಮ ಸರ್ ಹೇಳಿದ್ದು.
ಯಾರಿಗಿ ಜೀವ ಬಂತು, ನಾ ಕೇಳಿಲ್ಲ.

ನಮ್ಮಪ್ಪ ಇದ್ದಿದ್ರ ಒಂದು ಮಾತು ಕೇಳ್ತಿದ್ದ:
ತೊಗಲು ಹಿಂಗ ಒಂದೇ ತುಂಡು ಬರ್ತದೇನು?
ಭಾಲ್ಕಿ ಕಡಿ ನಮ್ಮ ಊರ ಹೊರಗ, ಹಳ್ಳದ ದಂಡಿಗಿ
ಸತ್ತ ಎಮ್ಮಿ ಸುಲೀತಿದ್ದ ಅವ.
ಕಣ್ಣ ರೆಪ್ಪಿ ಹಂತ್ಯಾಕ ಹರೀತದ,
ಅಲ್ಲಿ ಕೈ ಹಗುರ ಇಡು ಅಂತಿದ್ದ.
ಸುಲಿಯೋತನಕ ಎಮ್ಮಿ ಜೋಡಿ ಮಾತಾಡ್ತಿದ್ದ,
ಅದರ ಕರಕ್ಕ ಹಾಲು ಸಿಕ್ತೋ ಇಲ್ಲೋ, ಅಂಥಾದ್ದು.
ಆ ಕೈ ಎಷ್ಟು ತಿಕ್ಕಿ ತೊಳದರೂ
ಗೌಡರ ಬಾವಿ ಕಟ್ಟಿ ಮುಟ್ಟಂಗಿರಲಿಲ್ಲ.

ಗೌಡರ ಮೊಮ್ಮಗ ಹೋದ ವರ್ಷ ಇಲ್ಲೇ ಬಂದಾನ.
"ಝರೆಪ್ಪ ಕಾಕಾ, ಎಲ್ಲಿಂದ ಸುರು ಮಾಡ್ಲಿ?"
ತೋರಿಸಿದೆ. ಕೈ ಹಗುರ ಇಡು ಅಂದೆ.

ಈಗ ಇಕಿ ಕಡಿ ನೋಡ್ರಿ. ಮೂರನೇ ಟೇಬಲ್.
ಬಸವಕಲ್ಯಾಣದ ಬಸ್ ಸ್ಟ್ಯಾಂಡಿನಾಗ ಸಿಕ್ಕಾಕಿ,
ವಾರಸುದಾರರು ಬರಲಿಲ್ಲ.
ಫಾರ್ಮಲಿನ್ ಕುಡಿದು ಮೈ ಕಪ್ಪಾಗ್ಯದ,
ಕಿಲ್ಲಾದ ಮಣ್ಣು ಹಚ್ಚಿ ತಿಕ್ಕಿದ ಬಿದರಿ ಹೂಜಿಯಂಗ.
ನಾಳಿ ಮುಂಗೈ ತೆರೆದರ
ಒಳಗ ಬೆಳ್ಳಿ ತಂತಿಯಂಥ ನರ ಕಾಣ್ತದ.
ನೋವು ಅದರಾಗೇ ಹಾದು ಹೋಗಿದ್ದು, ಹೋದಷ್ಟು ದಿನ.
ಪರೀಕ್ಷಾದಾಗ ಬರ್ತದ, ಬರಕೊಳ್ರಿ.

ಎಡಗೈ ಮ್ಯಾಲ ಹಚ್ಚಿ ಅದ: ಮಾಣಿಕ.
ಗಂಡನೋ, ದೇವರೋ, ಇಕಿದೇ ಹೆಸರೋ.
ಅಷ್ಟು ತೊಗಲು ಕಡೀಕ್ಕ ತೆಗೀರಿ.
ಬಕೆಟ್ಟಿಗಿ ಹಾಕಬ್ಯಾಡ್ರಿ,
ನನ್ನ ಕೈಯಾಗ ಕೊಡ್ರಿ.

ಗ್ಲೌಸ್ ಆ ಡಬ್ಬ್ಯಾಗ.
ಸೈಜು ನೋಡಿ ಹಾಕ್ಕೊಳ್ರಿ, ಸಡಲಾದರ ಕೈಗಿ ಗೊತ್ತಾಗಲ್ಲ.